ಕಠಿಣ ಪದಗಳ ಅರ್ಥ

ಮೆಟ್ಟುಕತ್ತಿಗೆ ಅರ್ಥ ಬರೆಯುವುದು ಸುಲಭವಾಗಿತ್ತು. ವಸ್ತು ಕಣ್ಣೆದುರಿಗೇ ಇತ್ತು. ಪರಮೇಶ್ವರಿ ಅಡುಗೆಮನೆಯ ನೆಲದಲ್ಲಿ ಕುಳಿತು, ಕತ್ತಿಯ ಮಣೆಯನ್ನು ಕಾಲಿನಡಿಯಲ್ಲಿ ಒತ್ತಿ ಹಿಡಿದು, ಮೇಲೆ ಚಾಚಿದ ಅಲಗಿಗೆ ತೊಂಡೆಕಾಯಿಗಳನ್ನು ಒಂದೊಂದಾಗಿ ಕೊಟ್ಟು ಸೀಳುತ್ತಿದ್ದಳು. ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕುಳಿತಿದ್ದ ಭಾವನಾ ಆ ಕಾಲನ್ನೂ ಕೈಯನ್ನೂ ನೋಡಿ ನೋಡಿ ಬರೆದುಕೊಂಡಳು: ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವ ಕತ್ತಿ.

“ಈ ಪದ ಅವರಿಗೆ ಯಾರ ಬಾಯಿಂದ ಬಂದದ್ದು ಅಂತ ಹೇಳ್ಬಹುದಾ ಅಮ್ಮ?”

“ಇವರ ಅಮ್ಮನದ್ದು. ಕತ್ತಿಯೂ ಅವರದ್ದೇ, ಪದವೂ ಅವರದ್ದೇ,” ಎಂದಳು ಪರಮೇಶ್ವರಿ, ಗಂಡ ಮಲಗಿದ್ದ ಕೋಣೆಯ ಕಡೆ ಕಣ್ಣು ಹಾಯಿಸಿ. ತನ್ನ ತವರಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಅದನ್ನು ಭಾವನಾ ಕೇಳಲಿಲ್ಲ. ಪುಸ್ತಕಕ್ಕೆ ಬೇಕಾದದ್ದು ಕವಿತೆಯಲ್ಲಿ ಇದ್ದ ಪದಗಳು ಮಾತ್ರ.

ಭಾವನಾ ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು. ಕೃಷ್ಣಮೋಹನರ ಐದು ಕವನ ಸಂಕಲನಗಳನ್ನು ಸೇರಿಸಿ ಒಂದೇ ದಪ್ಪ ಪುಸ್ತಕವಾಗಿ ತರುವ ಕೆಲಸ ಅವಳ ಪಾಲಿಗೆ ಬಂದಿತ್ತು. ಈಗಿನ ಮಕ್ಕಳಿಗೆ ಈ ಊರಿನ ಪದಗಳು ಗೊತ್ತಾಗುವುದಿಲ್ಲ, ಕೊನೆಯಲ್ಲಿ ಕಠಿಣ ಪದಗಳ ಅರ್ಥ ಕೊಡಿ, ಆ ಪದ ಎಲ್ಲಿಂದ ಬಂತು ಎನ್ನುವುದನ್ನೂ ಸೇರಿಸಿ ಎಂದು ಪ್ರಕಾಶಕರು ಹೇಳಿದ್ದರು. ಕವಿಯನ್ನೇ ಕೇಳಿ ಬರೆದುಕೊಳ್ಳುವುದೆಂದು ಮಾತಾಗಿತ್ತು. ಅಷ್ಟರಲ್ಲಿ, ದೀಪಾವಳಿ ಕಳೆದು ಕೆಲವು ದಿನಕ್ಕೆ, ಕೃಷ್ಣಮೋಹನರು ಸ್ನಾನದ ಮನೆಯ ಹೊಸ್ತಿಲಲ್ಲಿ ಕುಸಿದರು. ಬಲಗೈ ಸೋತಿತು, ಮಾತು ಹೋಯಿತು. ಹಾಗಾಗಿ ಭಾವನಾ ಶನಿವಾರ ಮಧ್ಯಾಹ್ನದ ಮೇಲೆ ದರ್ಬೆಯ ಈ ಮನೆಗೆ ಬರುತ್ತಿದ್ದಳು, ಪೆನ್ಸಿಲಿನಲ್ಲಿ ಗೆರೆ ಎಳೆದ ಪದಗಳನ್ನು ಕವಿಯ ಹೆಂಡತಿಯ ಮುಂದೆ ಇಡುತ್ತಿದ್ದಳು.

ಮೊದಮೊದಲು ಪರಮೇಶ್ವರಿಗೆ ಇದು ಹಿತವಾಗಿಯೇ ಇತ್ತು. ಮದುವೆಯಾದಂದಿನಿಂದ ಆ ಮನುಷ್ಯ ಬರೆದದ್ದನ್ನೆಲ್ಲ ಮೊದಲು ಕೇಳಿಸಿಕೊಂಡವಳು ಅವಳು. ಅಂಚೆ ಕಚೇರಿಯಿಂದ ಬಂದು, ಅಂಗಿ ಬಿಚ್ಚಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅವರು ಓದುತ್ತಿದ್ದರು. ಇವಳು ಒಲೆಯ ಕಡೆ ಮುಖ ಮಾಡಿಕೊಂಡು ಕೇಳುತ್ತಿದ್ದಳು. ಚೆಂದ ಉಂಟು ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಅವರೂ ಹೆಚ್ಚು ಬಯಸಿದಂತೆ ಕಾಣುತ್ತಿರಲಿಲ್ಲ.

ಈಗ ಪದಗಳು ಒಂದೊಂದಾಗಿ ಬಿಡಿಬಿಡಿಯಾಗಿ ಎದುರು ಬರತೊಡಗಿದ ಮೇಲೆ ಅವಳ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಹುಟ್ಟಿಕೊಂಡಿತ್ತು. ಅತ್ತೆಯ ಪದ ಇತ್ತು. ತೋಟದ ಕೆಲಸಕ್ಕೆ ಬರುತ್ತಿದ್ದವರ ತುಳು ಪದಗಳಿದ್ದವು. ಬೊಳ್ಳ ಎಂದರೆ ಕುಮಾರಧಾರೆ ಉಕ್ಕಿ ಗದ್ದೆಗೆ ನುಗ್ಗುವ ನೆರೆ. ಅದು ಅವರ ಊರಾದ ಆಲಂಕಾರಿನ ಮಳೆಗಾಲದ್ದು. ಹೀಗೆ ಎಲ್ಲರೂ ಆ ಪುಸ್ತಕದ ಹಿಂಬದಿಯಲ್ಲಿ ಬಂದು ಕೂರುತ್ತಿದ್ದರು. ತಾನು? ಮದುವೆಯ ಹೊಸತರಲ್ಲಿ ಅವರು ತನ್ನ ಬಾಯಿಂದ ಪದ ಹೆಕ್ಕುತ್ತಿದ್ದುದು ಅವಳಿಗೆ ನೆನಪಿತ್ತು. ನಿಮ್ಮ ಸುಳ್ಯದ ಕಡೆಯಲ್ಲಿ ಇದಕ್ಕೆ ಎಂತ ಹೇಳುದು, ಅದಕ್ಕೆ ಎಂತ ಹೇಳುದು ಎಂದು ಹುಳಿಗೆ, ಅಡಿಕೆ ಹಾಳೆಗೆ, ಹಕ್ಕಿಗೆ ಎಲ್ಲದಕ್ಕೂ ಕೇಳುತ್ತಿದ್ದರು. ಇವಳು ಹೇಳಿದ್ದಳು. ನಕ್ಕಿದ್ದರು. ಆ ಪದಗಳಲ್ಲಿ ಒಂದಾದರೂ ಯಾವುದೋ ಸಾಲಿನಲ್ಲಿ ಇದ್ದೀತು ಎಂದು ಅವಳು ಪ್ರತಿ ಶನಿವಾರ ಕಾಯುತ್ತಿದ್ದಳು. ಹಾಳೆಗಳನ್ನು ತಿರುವಿದಂತೆ ಕಾಯುವ ಪುಟಗಳು ಕಡಿಮೆಯಾಗುತ್ತ ಬಂದವು. ಮಕ್ಕಳಿಲ್ಲದ ಅವರ ಸಂಸಾರದಲ್ಲಿ ಉಳಿಯುವುದೆಂದರೆ ಆ ಪುಸ್ತಕವೇ. ಅದರಲ್ಲಿ ತನ್ನದೊಂದು ಪದ ಇಲ್ಲದೆ ಹೋಗುವುದೆಂದರೆ ಅವಳಿಗೆ ಯಾಕೋ ನಡುಮನೆಯಲ್ಲಿ ನಿಂತೂ ಯಾರಿಗೂ ಕಾಣದ ಹಾಗೆ ಅನಿಸುತ್ತಿತ್ತು.

ಅಂದು ಭಾವನಾ ಹೊರಟಾಗ ಹಾಳೆಯಲ್ಲಿ ಕೆಲವೇ ಪದಗಳು ಉಳಿದಿದ್ದವು. ಪಟೋರ, ಉಳ್ಳಿಗಡ್ಡೆ, ಕರಿಗೋಟು, ಬರಕತ್ತು. ಅವು ಅಡಿಕೆ ಅಂಗಡಿಯ ಮಾತುಗಳು, ಆಲಂಕಾರಿನಲ್ಲಿರುವ ಇವರ ಗೆಳೆಯ ಸಲಾಮರ ಹತ್ತಿರವೇ ಕೇಳಬೇಕು ಎಂದು ಪರಮೇಶ್ವರಿ ಹೇಳಿದಳು. ತನಗೆ ಪರೀಕ್ಷೆಯ ಪೇಪರು ತಿದ್ದುವುದಿದೆ, ಈ ತಿಂಗಳು ಅಷ್ಟು ದೂರ ಹೋಗಲಾಗದು ಎಂದು ಭಾವನಾ ಪೇಚಾಡಿದಳು. ನಾನೇ ಹೋಗಿ ಬರುತ್ತೇನೆ ಎಂದು ಇವಳು ಒಪ್ಪಿಕೊಂಡಳು. ಹೀಗೆ ಹೇಳುತ್ತಲೇ ಉಳಿದ ತೊಂಡೆಕಾಯಿಗಳನ್ನು ಒಂದು ಚೀಲಕ್ಕೆ ತುಂಬಿ ಭಾವನಾಳ ಕೈಗೆ ತುರುಕಿದಳು. ಹಾಸ್ಟೆಲಿನಲ್ಲಿ ಇರುವ ನನಗೆ ಇದೆಲ್ಲ ಯಾಕೆ ಎಂದು ಅವಳು ಹಿಂದೆ ಸರಿದರೆ, ಇರಲಿ, ಯಾರಿಗಾದರೂ ಆಗ್ತದೆ ಎಂದು ಬಾಗಿಲವರೆಗೂ ಬಂದು ಕಳಿಸಿದಳು.

ಒಳಗಿನ ಕೋಣೆಯಿಂದ ಮಂಚದ ಸದ್ದಾಯಿತು. ಹೋಗಿ ನೋಡಿದರೆ ಕೃಷ್ಣಮೋಹನರು ಎಡಗೈಯೂರಿ ಎದ್ದು ಕೂರಲು ಹೆಣಗುತ್ತಿದ್ದರು. ಇವಳು ಬೆನ್ನಿಗೆ ದಿಂಬು ಕೊಟ್ಟಳು. ಕಾಫಿ ಬೇಕಾ, ಚಹ ಬೇಕಾ ಎಂದು ಕೇಳಿದಳು.

“ಇರಲಿ,” ಎಂದರು ಅವರು.

ಅವರಿಗೆ ಉಳಿದದ್ದು ಆ ಒಂದೇ ಪದ. ಆಸ್ಪತ್ರೆಯ ಹಾಸಿಗೆಯಲ್ಲಿ ಮೊದಲು ಬಾಯಿ ತೆರೆದಾಗ ಬಂದದ್ದು ಅದು; ಆಮೇಲೆ ಬೇರೆ ಯಾವುದೂ ಬರಲಿಲ್ಲ. ನೋವಾದರೂ ಇರಲಿ, ನಗು ಬಂದರೂ ಇರಲಿ, ಹೊದಿಕೆ ಜಾರಿದರೂ ಇರಲಿ. ಸುಳ್ಯದ ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ರಿಝ್ವಾನಾ ಎಂಬ ಹುಡುಗಿ ಚಿತ್ರಗಳನ್ನು ತೋರಿಸುತ್ತಿದ್ದಳು. ಹಸು ತೋರಿಸಿದರೆ ಇರಲಿ, ಬಸ್ಸು ತೋರಿಸಿದರೆ ಇರಲಿ. ಒಂದು ದಿನ ಪರಮೇಶ್ವರಿ ತಡೆಯಲಾರದೆ ಕೇಳಿದಳು, ಇಷ್ಟೊಂದು ಪದ ಗೊತ್ತಿದ್ದವರಿಗೆ ಇದೇ ಒಂದು ಯಾಕೆ ಉಳಿಯಿತು ಎಂದು.

“ಅದು ನಮಗೂ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ,” ಎಂದಿದ್ದಳು ರಿಝ್ವಾನಾ. “ಹೀಗೆ ಒಂದೇ ಪದ ಉಳಿದವರನ್ನು ನಾವು ನೋಡ್ತೇವೆ. ಅದರಲ್ಲಿ ಅರ್ಥ ಹುಡುಕ್ಬೇಡಿ. ಮಾತು ಅಂತ ಅದನ್ನು ಹೇಳ್ಲಿಕ್ಕೂ ಆಗುದಿಲ್ಲ, ಉಳಿಕೆ ಅಷ್ಟೆ. ಪದ ಬಿಡಿ, ರಾಗ ಕೇಳಿ. ಅವರಿಗೆ ಎಂತ ಬೇಕು ಅಂತ ರಾಗದಲ್ಲಿ ಗೊತ್ತಾದ್ರೂ ಆದೀತು.”

ಪರಮೇಶ್ವರಿ ಅಂದಿನಿಂದ ರಾಗ ಕೇಳಲು ಪ್ರಯತ್ನಿಸಿದ್ದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಕೊನೆಯ ಅಕ್ಷರವನ್ನು ತುಸು ಎತ್ತಿ, ಇಳಿಸಿ, ಯಾವುದೋ ಮಾತನ್ನು ಮುಗಿಸಿಬಿಟ್ಟ ಹಾಗೆ ಅವರು ಹೇಳುತ್ತಿದ್ದರು. ಎಲ್ಲೋ ಕೇಳಿದ ರಾಗ ಅನಿಸುತ್ತಿತ್ತು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ.

ಊರಿನವರಿಗೆ ಮಾತ್ರ ಅರ್ಥದ ಕೊರತೆ ಇರಲಿಲ್ಲ. ಪತ್ರಿಕೆಯವನೊಬ್ಬ ಬಂದು, ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ ಫೋಟೊ ತೆಗೆದುಕೊಂಡು ಹೋದ. ಎಲ್ಲ ಪದಗಳನ್ನೂ ಬಿಟ್ಟುಕೊಟ್ಟು ಒಂದನ್ನೇ ಉಳಿಸಿಕೊಂಡ ಕವಿ ಎಂದು ಬರೆದ. ಅದಾದ ಮೇಲೆ ಮನೆಗೆ ಜನ ಬರತೊಡಗಿದರು. ಕವಿತೆ ಓದಿದವರೂ ಬಂದರು, ಓದದವರೂ ಬಂದರು. ನೆಲ್ಲಿಕಟ್ಟೆಯ ಕಡೆಯ ಒಬ್ಬರು ತಮ್ಮ ಐದು ಸೆಂಟ್ಸ್ ಜಾಗ ಮಾರುವುದೋ ಇಟ್ಟುಕೊಳ್ಳುವುದೋ ಎಂದು ಮಂಚದ ಪಕ್ಕ ಕುಳಿತು ಹೇಳಿಕೊಂಡರು. ಕೃಷ್ಣಮೋಹನರು ಅವರ ಮುಖವನ್ನೇ ನೋಡಿ ಇರಲಿ ಎಂದರು. ಆ ಮನುಷ್ಯ ಕೈಮುಗಿದು ಎದ್ದುಹೋಗಿ, ಮುಂಗಡ ತಂದ ಗಿರಾಕಿಯನ್ನು ಹಿಂದೆ ಕಳಿಸಿದರಂತೆ. ದೈವದ ನುಡಿ ಕೇಳಿದವರ ಹಾಗೆ ಜನ ಅದನ್ನು ಕೇಳಿಸಿಕೊಂಡು ಹೋಗುತ್ತಿದ್ದರು. ಮಹಡಿಯ ಮೇಲೆ ಬಾಡಿಗೆಗಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ರಮ್ಯಶ್ರೀ ತಮಾಷೆ ಮಾಡುತ್ತಿದ್ದಳು: “ಆಂಟಿ, ಗೇಟಲ್ಲಿ ಒಂದು ಟೋಕನ್ ಕೊಡ್ಲಿಕ್ಕೆ ಶುರು ಮಾಡುವ.”

ಪರಮೇಶ್ವರಿ ನಗುತ್ತಿದ್ದಳು. ಬಂದವರಿಗೆ ಪಾನಕವನ್ನೋ ಮಜ್ಜಿಗೆಯನ್ನೋ ಕೊಡುತ್ತಿದ್ದಳು. ಅವರು ಹೋದ ಮೇಲೆ ಲೋಟಗಳನ್ನು ತೊಳೆಯುವಾಗ, ಎಲ್ಲರಿಗೂ ಕೊಡಲು ಈ ಮನುಷ್ಯನ ಹತ್ತಿರ ಏನೋ ಇದೆ, ತನಗೆ ಮಾತ್ರ ಕಾಫಿಯೋ ಚಹವೋ ಎಂದು ಕೂಡ ಗೊತ್ತಾಗುವುದಿಲ್ಲ ಎಂದು ಅನಿಸುತ್ತಿತ್ತು. ಸಂಜೆ ಹೊತ್ತು ರಸ್ತೆಯಲ್ಲಿ ಬಸ್ಸುಗಳ ಗದ್ದಲ ಏರುವಾಗ ಅವಳು ಅವರ ಪಕ್ಕದಲ್ಲಿ ಕುಳಿತು ದಿನದ ಸುದ್ದಿ ಹೇಳುತ್ತಿದ್ದಳು. ಪ್ರತಿ ಸುದ್ದಿಗೂ ಅದೇ ಉತ್ತರ. ಕೆಲವು ದಿನ ಹೇಳುವುದನ್ನೇ ಬಿಟ್ಟುಬಿಟ್ಟಳು.

ಮುಂದಿನ ಭಾನುವಾರ ರಮ್ಯಶ್ರೀಯನ್ನು ಅವರ ಬಳಿ ಕೂರಿಸಿ, ಪರಮೇಶ್ವರಿ ಆಲಂಕಾರಿಗೆ ಹೊರಟಳು. ಕಡಬಕ್ಕೆ ಹೋಗುವ ಸರಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಬದಿಗೆ ಕುಳಿತಳು. ಮಡಿಲಲ್ಲಿ ಭಾವನಾ ಕೊಟ್ಟ ಹಾಳೆ, ಚೀಲದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಬಾಟ್ಲಿ. ಇದೇ ದಾರಿಯಲ್ಲಿ ಗಂಡ ಪ್ರತಿ ಭಾನುವಾರ ಹೋಗಿ ಬರುತ್ತಿದ್ದುದು ಅವಳಿಗೆ ನೆನಪಾಯಿತು. ಓದುವ ದಿನಗಳಲ್ಲಿ ಸಲಾಮರ ತಂದೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಅಂಚೆ ಇಲಾಖೆಗೆ ಸೇರಿದ ಮೇಲೂ ಭಾನುವಾರ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಗೋಣಿಯ ಮೇಲೆ ಕೂರದಿದ್ದರೆ ನನಗೆ ಬರೆಯಲು ಬರುವುದಿಲ್ಲ ಎನ್ನುತ್ತಿದ್ದರು. ವಾರದಲ್ಲಿ ಒಂದು ದಿನ ಸಿಗುವ ಗಂಡ ಆ ದಿನವೂ ಸಿಗುವುದಿಲ್ಲ ಎಂದು ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆ ಅಂಗಡಿಯಲ್ಲಿ ತನಗೆ ಗೊತ್ತಿಲ್ಲದ ಒಬ್ಬ ಕೃಷ್ಣಮೋಹನ ಇದ್ದಾನೆ ಎಂದುಕೊಂಡು ಅವಳು ಭಾನುವಾರಗಳನ್ನು ಒಗೆಯುವುದಕ್ಕೆ, ಒಣಗಿಸುವುದಕ್ಕೆ ಬಿಟ್ಟುಕೊಟ್ಟಿದ್ದಳು.

ಅಂಗಡಿಯನ್ನು ಈಗ ಸಲಾಮರ ಮಗ ನೌಷಾದ್ ನೋಡಿಕೊಳ್ಳುತ್ತಿದ್ದ. ಅವನು ಇವಳನ್ನು ಕಂಡವನೇ ಎದ್ದು, ಹಿಂದಿನ ಮನೆಗೆ ಕರೆದುಕೊಂಡು ಹೋದ. ಸಲಾಂ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಒಂದು ತಟ್ಟೆ ಅಡಿಕೆಯನ್ನು ಸುಮ್ಮನೆ ಬೇರ್ಪಡಿಸುತ್ತಿದ್ದರು. ವಯಸ್ಸು ಕಣ್ಣಿಗೆ ತಟ್ಟಿತ್ತು, ಬೆರಳಿಗೆ ತಟ್ಟಿರಲಿಲ್ಲ. ಅವರ ಹೆಂಡತಿ ನಫೀಸಮ್ಮ ಒಳಗಿನಿಂದ ಬಂದು ಪರಮೇಶ್ವರಿಯ ಎರಡೂ ಕೈ ಹಿಡಿದುಕೊಂಡು, ಮೊದಲು ಕೃಷ್ಣಮೋಹನರ ಆರೋಗ್ಯ ವಿಚಾರಿಸಿದರು. ನಡೆಯುತ್ತಾರಾ, ಉಣ್ಣುತ್ತಾರಾ, ನಿದ್ದೆ ಬರ್ತದಾ. ಮಾತಿನ ವಿಷಯ ಅವರು ಕೇಳಲಿಲ್ಲ. ಪೇಪರಿನಲ್ಲಿ ನೋಡಿದ್ದರು.

ಪರಮೇಶ್ವರಿ ಹಾಳೆ ಬಿಡಿಸಿ ಪದಗಳನ್ನು ಓದಿದಳು. ಸಲಾಂ ಪ್ರತಿಯೊಂದಕ್ಕೂ ತಟ್ಟೆಯಿಂದ ಒಂದು ಅಡಿಕೆ ಹೆಕ್ಕಿ ಅವಳ ಅಂಗೈಯಲ್ಲಿ ಇಟ್ಟರು. ಬಿರುಕು ಬಿಟ್ಟದ್ದು ಪಟೋರ. ಮೇಲಿನ ಪದರ ಕಿತ್ತು ಬಿಚ್ಚಿಕೊಂಡದ್ದು ಉಳ್ಳಿಗಡ್ಡೆ. ಮುರುಟಿ ಕಪ್ಪಾದದ್ದು ಕರಿಗೋಟು. ಬರಕತ್ತಿಗೆ ಅವರು ತಟ್ಟೆಯನ್ನೇ ಪಕ್ಕಕ್ಕಿಟ್ಟರು. ತನ್ನ ತಂದೆ ಗೋಣಿ ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ. ಮೊದಲನೆಯದಕ್ಕೆ ಬರಕತ್ತು, ಆಮೇಲೆ ಎರಡು, ಮೂರು. ಒಂದು ಎಂದರೆ ಒಂದೇ ಆಗಿಬಿಡುತ್ತದೆ, ಏಳಿಗೆ ಆಗುವುದಿಲ್ಲ ಎಂದು ನಂಬಿಕೆ. ಅದನ್ನು ಕೇಳಿ ಕೇಳಿ ಕೃಷ್ಣಮೋಹನನಿಗೆ ಅಂಚೆ ಕಚೇರಿಯಲ್ಲಿ ಚೀಲ ಎಣಿಸುವಾಗಲೂ ಅದೇ ಬಾಯಿಗೆ ಬಂದು, ಮೇಲಿನವರಿಂದ ಬೈಸಿಕೊಂಡಿದ್ದನಂತೆ. ಹೇಳುತ್ತ ಹೇಳುತ್ತ ಸಲಾಮರಿಗೆ ನಗು ಬಂತು. ಅವರು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಪರಮೇಶ್ವರಿ ಎಲ್ಲವನ್ನೂ ಬರೆದುಕೊಂಡಳು. ಹಾಳೆಯಲ್ಲಿದ್ದ ಕೊನೆಯ ಪದಕ್ಕೂ ಒಡೆಯ ಸಿಕ್ಕಿದ್ದ. ಪೆನ್ನಿನ ಮುಚ್ಚಳ ಹಾಕಿದಳು. ಇಷ್ಟೆ ಎಂದುಕೊಂಡಳು. ಅಮ್ಮನಿಂದ ಬಂದದ್ದು, ಕೆಲಸದವರಿಂದ ಬಂದದ್ದು, ಹೊಳೆಯಿಂದ ಬಂದದ್ದು, ಅಂಗಡಿಯಿಂದ ಬಂದದ್ದು. ತನ್ನಿಂದ ಬಂದದ್ದು ಇಲ್ಲ. ತಿಳಿದ ಮೇಲೆ ಒಂದು ಬಗೆಯಲ್ಲಿ ಹಗುರವೇ ಆಯಿತು, ಊರಿನವರೆಲ್ಲ ಹೋದ ಮೇಲೆ ಖಾಲಿಯಾದ ಚಪ್ಪರದ ಕೆಳಗೆ ಕೂತವರಿಗೆ ಆಗುವ ಹಾಗೆ. ಚಹ ಕುಡಿದು ಎದ್ದಳು. ಚೀಲದಿಂದ ಉಪ್ಪಿನಕಾಯಿಯ ಬಾಟ್ಲಿ ತೆಗೆದು ನಫೀಸಮ್ಮನ ಮುಂದೆ ಹಿಡಿದಳು.

ನಫೀಸಮ್ಮ ಬೇಡವೆಂದರು. ಇವರಿಗೆ ಪ್ರೆಶರ್ ಉಂಟು, ಉಪ್ಪು ಮುಟ್ಟಲಿಕ್ಕಿಲ್ಲ, ಮಗ ಸೊಸೆ ಇಂಥದ್ದು ತಿನ್ನುವುದಿಲ್ಲ, ನಿಮಗೇ ಇಟ್ಟುಕೊಳ್ಳಿ ಎಂದರು.

“ಇರಲಿ,” ಎಂದು ಪರಮೇಶ್ವರಿ ಬಾಟ್ಲಿಯನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

ನಫೀಸಮ್ಮ ಗಂಡನ ಮುಖ ನೋಡಿದರು. ಸಲಾಂ ಹೆಂಡತಿಯ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಉಕ್ಕಿಬಂತು. ನಫೀಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುಗಳಿಗೆಯಲ್ಲಿ, ಕಾಯಿಲೆಯವರ ಮನೆಯಿಂದ ಬಂದವಳ ಮುಂದೆ ನಕ್ಕೆನಲ್ಲ ಎಂದು ಅವರ ಮುಖ ಸಣ್ಣದಾಯಿತು.

“ಎಂತ ಆಯ್ತು?” ಎಂದಳು ಪರಮೇಶ್ವರಿ.

“ತಪ್ಪು ತಿಳ್ಕೊಳ್ಬೇಡಿ ಅಕ್ಕ,” ಎಂದರು ಸಲಾಂ. “ಅವ್ನು ಮಾಡಿ ತೋರಿಸ್ತಿದ್ದದ್ದು ಕರೆಕ್ಟ್ ಹೀಗೇ.”

“ಯಾರನ್ನು ಮಾಡಿ ತೋರಿಸುದು?”

“ನಿಮ್ಮನ್ನು.”

ಸಲಾಮರಿಗೆ ಈಗ ಹೇಳದೆ ಬಿಡುವಂತಿರಲಿಲ್ಲ. ಭಾನುವಾರ ಅಂಗಡಿಯಲ್ಲಿ ಎರಡನೇ ಸಲ ಚಹ ಬಂದಾಗ ಎಲ್ಲರೂ ಸಾಕು ಸಾಕು ಎನ್ನುತ್ತಿದ್ದರು. ಕೃಷ್ಣಮೋಹನ ಮಾತ್ರ ಕೆಟಲು ಕಿತ್ತುಕೊಂಡು ಎಲ್ಲರ ಗ್ಲಾಸಿಗೂ ಸುರಿಯುತ್ತ, ದನಿ ಬದಲಿಸಿ, ಇರಲಿ, ಇರಲಿ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಬಡಿಸುವುದು ಹೀಗೆ, ಬೇಡವೆಂದರೆ ಇನ್ನೊಂದು ಸೌಟು ಎಂದು ಹೇಳಿ ನಗಿಸುತ್ತಿದ್ದ. ತೂಕದಲ್ಲಿ ನಾಲ್ಕು ಅಡಿಕೆ ಹೆಚ್ಚು ಕಂಡರೆ ಗೋಣಿ ಹೊರುವವರೂ ಅಕ್ಕನ ಇರಲಿ ಎಂದು ಅದನ್ನು ಒಳಗೆ ಹಾಕುವಷ್ಟು ಆ ಮಾತು ಅಂಗಡಿಯಲ್ಲಿ ಓಡಾಡಿತ್ತು.

“ಕೊಡೆದು ಹೇಳಿ,” ಎಂದರು ನಫೀಸಮ್ಮ.

“ಹೌದು, ಕೊಡೆ. ಮಾರ್ಚ್ ಏಪ್ರಿಲಲ್ಲೂ ನೀವು ಅವ್ನ ಚೀಲಕ್ಕೆ ಕೊಡೆ ಹಾಕ್ತಿದ್ದಿರಲ್ಲ? ಇಲ್ಲಿ ಬಂದು ಅದನ್ನು ಹೊರಗೆ ತೆಗೆಯುದು, ನೋಡು ಸಲಾಂ, ಇವತ್ತೂ ಇರಲಿ ಬಂದಿದೆ ಅಂತ ಹೇಳುದು. ಕಡೆಕಡೆಗೆ ಆ ಕೊಡೆಗೇ ನಮ್ಮಲ್ಲಿ ಇರಲಿ ಅಂತ ಹೆಸರಾಯ್ತು. ಮಳೆ ಬಂದ್ರೆ ನೌಷಾದ್ ಸಹ ಕೇಳ್ತಿದ್ದ, ಒಂದು ಇರಲಿ ಕೊಡಿ, ಆಚೆ ಹೋಗಿ ಬರ್ತೇನೆ ಅಂತ.”

ಪರಮೇಶ್ವರಿಗೆ ರಿಝ್ವಾನಾ ಕೇಳಿ ಎಂದಿದ್ದ ರಾಗ ಯಾವುದೆಂದು ಈಗ ತಿಳಿಯಿತು. ಕೊನೆಯ ಅಕ್ಷರವನ್ನು ಎತ್ತಿ ಇಳಿಸುವುದು, ಇನ್ನು ಮಾತಿಲ್ಲ ಎನ್ನುವ ಹಾಗೆ ಸೌಟನ್ನು ಪಾತ್ರೆಗೆ ಇಳಿಸುವುದು. ತನ್ನ ದನಿ ತನಗೆ ಕೇಳಿಸಿರಲಿಲ್ಲ. ಗಂಡನ ಬಾಯಲ್ಲಿ ಅಷ್ಟು ದಿನ ಕೇಳಿಯೂ ಗುರುತು ಹತ್ತಿರಲಿಲ್ಲ.

“ಇಷ್ಟೆಲ್ಲ ನೀವು ಯಾರೂ ನನಗೆ ಹೇಳಿದ್ದಿಲ್ಲ,” ಎಂದಳು.

“ನಿಮಗೆ ಗೊತ್ತುಂಟು ಅಂತ ನಾವು,” ಎಂದರು ಸಲಾಂ.

ನಫೀಸಮ್ಮ ಒಳಗೆ ಹೋಗಿ ಒಂದು ಕಪ್ಪು ಕೊಡೆ ತಂದರು. ಹಿಡಿಕೆಯಲ್ಲಿ ಕೆಂಪು ದಾರ ಸುತ್ತಿತ್ತು. ಬೇರೆಯವರದ್ದರ ಜೊತೆ ಬದಲಾಗದಿರಲೆಂದು ಪರಮೇಶ್ವರಿಯೇ ಸುತ್ತಿದ ದಾರ. ದೀಪಾವಳಿಯ ಹಿಂದಿನ ಭಾನುವಾರ ಅವರು ಬಿಟ್ಟುಹೋದದ್ದು, ಬಂದಾಗ ಕೊಡುವ ಎಂದು ಮೂಲೆಯಲ್ಲಿ ಇಟ್ಟಿದ್ದೆ ಎಂದರು. ಆಮೇಲೆ, ಇಲ್ಲಿಯೇ ಇಟ್ಟುಕೊಳ್ಳುವುದಾ ಅಕ್ಕ ಎಂದು ಮೆಲ್ಲನೆ ಕೇಳಿದರು. ಆ ಪ್ರಶ್ನೆಗೆ ಪರಮೇಶ್ವರಿಯ ಬಾಯಲ್ಲಿ ಇದ್ದದ್ದು ಒಂದೇ ಉತ್ತರ. ಬಾಯಿಗೆ ಬಂದ ಆ ಮಾತನ್ನು ಅವಳು ಹೊರಗೆ ಬೀಳುವ ಮೊದಲೇ ಕೇಳಿಸಿಕೊಂಡಳು. ಮಾತು ಅಲ್ಲೇ ನಿಂತಿತು. ಕೈ ಚಾಚಿ ಕೊಡೆಯನ್ನು ತೆಗೆದುಕೊಂಡಳು.

ವಾಪಸು ಬರುವಾಗ ಉಪ್ಪಿನಂಗಡಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅವಳು ಭಾವನಾಳಿಗೆ ಫೋನು ಮಾಡಿ ಅಡಿಕೆಯ ಪದಗಳ ಅರ್ಥವನ್ನು ಹೇಳಿದಳು. ಅದೆಲ್ಲ ಮುಗಿದ ಮೇಲೆ, ಇನ್ನೊಂದು ಪದ ಉಂಟಾ ನೋಡುತ್ತೀಯಾ ಎಂದು ಕೇಳಿ, ಪದವನ್ನು ಹೇಳಿದಳು. ಹೇಳುವಾಗ ದನಿ ಎತ್ತದ ಹಾಗೆ ನೋಡಿಕೊಂಡಳು.

“ಇರಲಿಯಾ? ಅದು ತುಂಬ ಕಡೆ ಉಂಟಮ್ಮ, ಲೆಕ್ಕವೇ ಇಲ್ಲ. ಐದೂ ಪುಸ್ತಕದಲ್ಲಿ ಉಂಟು,” ಎಂದಳು ಭಾವನಾ. “ಆದ್ರೆ ಅದಕ್ಕೆ ಎಂತ ಅರ್ಥ ಬರೆಯುದು? ಎಲ್ರಿಗೂ ಗೊತ್ತಿರುವ ಪದ ಅಲ್ವಾ. ನಾನು ಅದಕ್ಕೆ ಗೆರೆಯೇ ಹಾಕಿರ್ಲಿಲ್ಲ.”

ಒಂದನ್ನು ಓದು ಎಂದಳು ಪರಮೇಶ್ವರಿ. ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು. ಭಾವನಾ ಓದಿದಳು:

ಬಿಸಿಲೇ ಇದ್ದರೂ ಕೊಡೆ ಇರಲಿ,
ಹಸಿವೆ ಇಲ್ಲದಿದ್ದರೂ ಬುತ್ತಿ ಇರಲಿ,
ಬರುವವರಿಲ್ಲದ ದಿನವೂ
ಬಾಗಿಲ ಬಳಿ ಒಂದು ದೀಪ ಇರಲಿ.

ಈ ಕವಿತೆ ಅವಳಿಗೆ ಗೊತ್ತಿತ್ತು. ಇದನ್ನು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದ ಸಂಜೆ ಅವಳು ದೋಸೆ ಹೊಯ್ಯುತ್ತಿದ್ದಳು. ಓದಿ ಮುಗಿಸಿ ಅವರು ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದರು, ಏನನ್ನೋ ಕಾಯುವವರ ಹಾಗೆ. ಅವಳು ಚೆಂದ ಉಂಟು ಎಂದು ಹೇಳಿ ದೋಸೆ ಮಗುಚಿ ಹಾಕಿದ್ದಳು. ಅವರು ನಕ್ಕು ಒಳಗೆ ಹೋಗಿದ್ದರು.

ಇದರಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳುವ ಭಾವ ಇದೆಯೆಂದು ವಿಮರ್ಶಕರು ಬರೆದಿದ್ದಾರೆ ಎಂದು ಭಾವನಾ ಹೇಳುತ್ತಿದ್ದಳು. ಆ ಪದವನ್ನೂ ಸೇರಿಸಬೇಕಾ ಅಮ್ಮ ಎಂದು ಕೇಳಿದಳು. ಎಲ್ಲಿಂದ ಬಂತು ಎಂದು ಬರೆಯಬಹುದಾದ ಒಂದು ಸಾಲು ಪರಮೇಶ್ವರಿಯ ಹತ್ತಿರ ಇತ್ತು. ಕಠಿಣ ಪದಗಳ ಸಾಲಿನಲ್ಲಿ ಅದನ್ನು ತುರುಕಿದರೆ ಓದುವವರು ನಕ್ಕಾರು ಎಂದು ಅವಳಿಗೆ ಅನಿಸಿತೋ, ಅಥವಾ ಇಷ್ಟು ತಡವಾಗಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡಲು ಮನಸ್ಸು ಬರಲಿಲ್ಲವೋ. ಬೇಡ, ಸುಮ್ಮನೆ ಕೇಳಿದೆ ಎಂದಳು. ಬಸ್ಸು ಹೊರಟಿತು.

ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಹಗಲು ಇಬ್ಬರು ಬಂದಿದ್ದರು, ಇರಲಿ ಕೇಳಿಸಿಕೊಂಡು ಹೋದರು ಎಂದು ರಮ್ಯಶ್ರೀ ವರದಿ ಕೊಟ್ಟು ಮಹಡಿ ಹತ್ತಿದಳು. ಪರಮೇಶ್ವರಿ ಕೈಕಾಲು ತೊಳೆದು, ಬೆಳಗಿನ ಗಂಜಿ ಬಿಸಿ ಮಾಡಿ, ಬಟ್ಟಲಿಗೆ ಹಾಕಿ ಅವರ ಮುಂದೆ ಇಟ್ಟಳು. ಎಡಗೈಯಲ್ಲಿ ಚಮಚ ಹಿಡಿಯಲು ಅವರು ಈಚೆಗೆ ಕಲಿತಿದ್ದರು. ನಿಧಾನವಾಗಿ ಉಂಡರು. ಬಟ್ಟಲು ಅರ್ಧವಾದಾಗ ಅವಳು ಇನ್ನೊಂದು ಸೌಟು ಹಾಕಲು ಬಗ್ಗಿದಳು.

“ಇರಲಿ,” ಎಂದರು ಅವರು.

ಎತ್ತಿ, ಇಳಿಸಿ, ಮುಗಿಸಿದ ಹಾಗೆ. ಅವಳದೇ ರಾಗ. ಇಷ್ಟು ತಿಂಗಳಿಂದ ಈ ಮನೆಯಲ್ಲಿ ತನ್ನ ಮಾತೊಂದು, ಅವರ ಮಾತೊಂದು ಇದೆ ಎಂದು ಅವಳು ತಿಳಿದಿದ್ದಳು. ಇದ್ದದ್ದು ಎರಡೂ ತನ್ನದೇ. ಹಾಗಾದರೆ ಅವರ ದನಿ ಎಲ್ಲಿ? ಅವರು ತನ್ನನ್ನು ಕರೆಯುತ್ತಿದ್ದಾರೋ, ಅಂಗಡಿಯಲ್ಲಿ ನಗಿಸಿದ ಹಾಗೆ ನಗಿಸಲು ನೋಡುತ್ತಿದ್ದಾರೋ, ಅಥವಾ ಆ ಹುಡುಗಿ ಹೇಳಿದಂತೆ ಬರಿದಾದ ಪಾತ್ರೆಯ ತಳದಲ್ಲಿ ಅಂಟಿಕೊಂಡದ್ದು ಅಷ್ಟೆಯೋ? ಕೇಳಿದರೆ ಬರುವ ಉತ್ತರ ಯಾವುದೆಂದು ಅವಳಿಗೆ ಗೊತ್ತಿತ್ತು.

ಸೌಟನ್ನು ಕೆಳಗಿಟ್ಟು ಹೊರಕೋಣೆಗೆ ಹೋದಳು. ಬಾಗಿಲ ಮೂಲೆಯಲ್ಲಿ ಇಟ್ಟಿದ್ದ ಕೊಡೆಯನ್ನು ತಂದು ಅವರ ಮುಂದೆ ಹಿಡಿದಳು. ಕೆಂಪು ದಾರದ ಹಿಡಿಕೆ ಅವರ ಕಡೆಗಿತ್ತು. ಈಗ ಹೇಳುತ್ತಾರೆ ಎಂದು ಕಾದಳು. ಬೇರೆ ಯಾವ ವಸ್ತುವಿಗೂ ಸಲ್ಲದ ಆ ಪದ ಇದಕ್ಕೆ ಮಾತ್ರ ಸರಿಯಾಗಿ ಸಲ್ಲುತ್ತಿತ್ತು.

ಕೃಷ್ಣಮೋಹನರು ಕೊಡೆಯನ್ನು ನೋಡಿದರು. ಚಮಚ ಬಿಟ್ಟು ಎಡಗೈಯನ್ನು ಚಾಚಿ ದಾರವನ್ನು ಬೆರಳಿನಿಂದ ಮುಟ್ಟಿದರು, ಸುತ್ತು ಹಾಕಿದ ಕಡೆಯಲ್ಲೇ ಬೆರಳು ಒಂದು ಸುತ್ತು ಹೋಯಿತು. ತುಟಿ ಅಲುಗಿತು. ಮಾತು ಬರಲಿಲ್ಲ. ಹಸುವಿಗೂ ಬಸ್ಸಿಗೂ ಜಾಗದ ವ್ಯಾಪಾರಕ್ಕೂ ಬಂದ ಮಾತು ಅದಕ್ಕೆ ಬರಲಿಲ್ಲ. ಅವರು ಕಣ್ಣೆತ್ತಿ ಅವಳ ಮುಖವನ್ನು ನೋಡಿ, ಮತ್ತೆ ಕೊಡೆಯನ್ನು ನೋಡಿದರು.

ರಸ್ತೆಯಲ್ಲಿ ಸುಳ್ಯದ ಕಡೆಗೆ ಹೋಗುವ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅದರ ಸದ್ದು ಅಡಗುವವರೆಗೂ ಪರಮೇಶ್ವರಿ ಕಾದಳು. ಆಮೇಲೆ ಕೊಡೆಯನ್ನು ಮಂಚದ ತಲೆಬದಿಯ ಕಂಬಕ್ಕೆ, ಅವರ ಕೈಗೆ ಎಟಕುವ ಹಾಗೆ ತೂಗುಹಾಕಿದಳು. ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು ಉಣ್ಣುವುದು ಅವಳ ರೂಢಿಯಾಗಿತ್ತು. ಆ ದಿನ ತನ್ನ ಬಟ್ಟಲನ್ನೂ ಅವರ ಕೋಣೆಗೇ ತಂದು, ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಆರಿದ ಗಂಜಿಯನ್ನು ಉಣ್ಣತೊಡಗಿದಳು.